ಮಕ್ಕಳ ಎತ್ತರವೂ ಮೈಯೊಳಗಿನ ಗ್ರಂಥಿಗಳೂ

ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಮುಂದೆ ನಮ್ಮ ಮುನವಳ್ಳಿಯ ಪೇಟೆಯಲ್ಲಿ ಸಿಂಪಿಗರ ಅಂಗಡಿಗಳಿಗೆ ಬಿಡುವೆಂಬದೇ ಇರುವದಿಲ್ಲ. ಹುಡುಗನನ್ನು ನಿಲ್ಲಿಸಿ ಹೆಗಲಿಗೂ ತೋಳಿಗೂ ಟೇಪು ಹಿಡಿದು ಸಿಂಪಿಗನು ಅಂಕಿಗಳನ್ನು ಬರೆದುಕೊಳ್ಳುತ್ತಿರುವಾಗ, ಪಕ್ಕದಲ್ಲಿ ನಿಂತ ತಾಯಿಯು "ಎರಡು ಬೊಟ್ಟು ಹೆಚ್ಚಿಗೆ ಬಿಡ್ರಿ, ಬೆಳೆಯೋ ಹುಡುಗ ಐತಿ" ಎಂದು ಹೇಳುವದು ವಾಡಿಕೆ. ಆ ಎರಡು ಬೊಟ್ಟಿನ ಲೆಕ್ಕವು ತಲೆತಲಾಂತರದ ಅನುಭವದಿಂದ ಬಂದದ್ದು. ಆದರೆ ಕೆಲವು ತಾಯಂದಿರು "ನಮ್ಮ ಹುಡುಗಗ ಹೋದ ವರ್ಷದ ಅಂಗೀನ ಬರತೈತ್ರಿ, ಹೊಸಾದು ಬ್ಯಾಡ" ಎಂದು ಸಂತೋಷಪಡುವದೂ ಉಂಟು. ಬಟ್ಟೆಯ ಖರ್ಚು ಉಳಿಯಿತೆಂಬ ಆ ಸಂತೋಷವು ಸಹಜವೇ. ಆದರೂ ಆರು ವರ್ಷದ ಕೂಸಿಗೆ ಹೋದ ವರ್ಷದ ಅಂಗಿಯೂ ಅದರ ಹಿಂದಿನ ವರ್ಷದ ಅಂಗಿಯೂ ಸರಿಹೊಂದುತ್ತಿದ್ದರೆ, ಸಂತೋಷಪಡುವ ಮೊದಲು ಒಂದು ಗಳಿಗೆ ನಿಂತು ವಿಚಾರಿಸತಕ್ಕದ್ದಿದೆ. ಆ ವಿಚಾರವನ್ನೇ ಇಂದು ವಾಚಕರ ಮುಂದೆ ಇಡುವೆನು.

ಪ್ರಾರ್ಥನೆಯ ಹೊತ್ತಿಗೆ ಮಕ್ಕಳನ್ನು ಎತ್ತರದ ಕ್ರಮದಿಂದ ನಿಲ್ಲಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿ ಹಳೆಯದು. ಗಿಡ್ಡ ಹುಡುಗನು ಮುಂದೆ, ಎತ್ತರದವನು ಹಿಂದೆ. ಯಾವ ವರ್ಗದಲ್ಲಿಯಾದರೂ ಒಬ್ಬನು ಮೊದಲಿಗನಾಗಿ ನಿಲ್ಲಲೇಬೇಕಷ್ಟೆ. ಒಂದನೆಯ ಇಯತ್ತೆಯಿಂದ ಏಳನೆಯ ಇಯತ್ತೆಯ ವರೆಗೆ ಅವನು ಅದೇ ಸ್ಥಳದಲ್ಲಿದ್ದು, ಅವನ ತಂದೆತಾಯಿಗಳೂ ಗಿಡ್ಡರಾಗಿದ್ದರೆ, ಅವನು ತನ್ನ ದಾರಿಯನ್ನು ತಪ್ಪಿಲ್ಲವೆಂದು ತಿಳಿಯಬಹುದು. ಆದರೆ ಎರಡನೆಯ ಇಯತ್ತೆಯಲ್ಲಿ ಸಾಲಿನ ನಡುವೆ ನಿಲ್ಲುತ್ತಿದ್ದ ಹುಡುಗಿಯು ಐದನೆಯ ಇಯತ್ತೆಗೆ ಬರುವಷ್ಟರಲ್ಲಿ ಎಲ್ಲರಿಗೂ ಮುಂದೆ ಬಂದು ನಿಂತಿದ್ದರೆ, ಅವಳು ನಿಜವಾಗಿ ಹಿಂದೆ ಬಿದ್ದಿರುವಳು. ಮಗುವು ಇಂದು ಎಷ್ಟು ಎತ್ತರವಿದೆ ಎಂಬದಕ್ಕಿಂತ ಒಂದು ವರ್ಷದಲ್ಲಿ ಎಷ್ಟು ಬೆಳೆಯಿತೆಂಬದನ್ನೇ ವೈದ್ಯರು ಮೊದಲು ಕೇಳುವರು.

ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ಲೋಕವು ನಿಂದಿಸುವ ಎಂಟು ಬಗೆಯ ಶರೀರಗಳನ್ನು ಅಲ್ಲಿ ಎಣಿಸಿದೆ. ಅತಿದೀರ್ಘ, ಅತಿಹ್ರಸ್ವ ಎಂಬವು ಅವುಗಳಲ್ಲಿ ಸೇರಿವೆ. ಅತಿಸ್ಥೂಲನಿಗೂ ಅತಿಕೃಶನಿಗೂ ಚಿಕಿತ್ಸೆಯನ್ನು ವಿಸ್ತಾರವಾಗಿ ಹೇಳುವ ಆಚಾರ್ಯನು ಅತಿಹ್ರಸ್ವನ ಹೆಸರನ್ನು ಹೇಳಿ ಮುಂದೆ ಸಾಗುವನು. ಎತ್ತರವನ್ನು ಆಳುವ ಸಂಗತಿಗಳು ಅಂದಿನವರಿಗೆ ಗೋಚರವಾಗಿರಲಿಲ್ಲ. ಇಂದು ಅವು ಬಹುಮಟ್ಟಿಗೆ ಗೋಚರವಾಗಿವೆ. ನಿಂದೆಯು ಮಾತ್ರ ಇನ್ನೂ ನಿಂತಿಲ್ಲ. ಗಿಡ್ಡ ಹುಡುಗನಿಗೆ ಅಡ್ಡಹೆಸರಿಡದ ಶಾಲೆಯನ್ನು ನಾನು ಕಂಡಿಲ್ಲ. ವಾಮನನನ್ನೂ ಅಗಸ್ತ್ಯನನ್ನೂ ಪೂಜ್ಯರೆಂದು ಹೇಳಿಕೊಡುವ ಊರಿನಲ್ಲಿಯೇ ಹೀಗೆ ನಡೆಯುವದು ವಿಚಿತ್ರವಲ್ಲವೇ?

ಮಗುವು ಹುಟ್ಟಿದಾಗ ಸುಮಾರು ೫೦ ಸೆಂಟಿಮೀಟರು ಉದ್ದವಿರುವದು. ಮೊದಲನೆಯ ವರ್ಷದಲ್ಲಿ ಅದು ೨೫ ಸೆಂಟಿಮೀಟರು ಬೆಳೆಯುವದು; ಮುಂದೆ ಆಯುಷ್ಯದಲ್ಲಿ ಅಂಥ ವೇಗವು ಮತ್ತೆ ಬರುವದಿಲ್ಲ. ಎರಡನೆಯ ವರ್ಷದಲ್ಲಿ ಸುಮಾರು ೧೨, ಮೂರನೆಯದರಲ್ಲಿ ಸುಮಾರು ೮, ಆ ಮೇಲೆ ಹರೆಯವು ಆರಂಭವಾಗುವ ವರೆಗೆ ವರ್ಷಕ್ಕೆ ೫ರಿಂದ ೭ ಸೆಂಟಿಮೀಟರು. ಹರೆಯದಲ್ಲಿ ಮತ್ತೊಂದು ಜಿಗಿತ ಬರುವದು. ಹುಡುಗಿಯರಲ್ಲಿ ಅದು ಮೊದಲು ಬರುವದರಿಂದ ಹನ್ನೊಂದು-ಹನ್ನೆರಡನೆಯ ವಯಸ್ಸಿನಲ್ಲಿ ಅಕ್ಕಂದಿರು ತಮ್ಮ ವಯಸ್ಸಿನ ಹುಡುಗರನ್ನು ಮೀರಿ ನಿಲ್ಲುವರು. ಹುಡುಗರ ಜಿಗಿತವು ಸುಮಾರು ಎರಡು ವರ್ಷ ತಡವಾಗಿ ಬಂದರೂ ಹೆಚ್ಚಿನದಾಗಿರುವದು. ಈ ಏರಿಳಿತವನ್ನು ಮೊದಲು ಕ್ರಮವಾಗಿ ಬರೆದಿಟ್ಟವನು ಫ್ರಾನ್ಸಿನ ಮೊಂಬೆಯಾರ್ ಎಂಬ ಗೃಹಸ್ಥನು. ೧೭೫೯ರಲ್ಲಿ ಹುಟ್ಟಿದ ತನ್ನ ಮಗನನ್ನು ಅವನು ೧೭೭೭ರ ವರೆಗೆ ಸುಮಾರು ಆರಾರು ತಿಂಗಳಿಗೊಮ್ಮೆ ಅಳೆದನು. ಒಬ್ಬ ತಂದೆಯು ತನ್ನ ಮನೆಯಲ್ಲಿ ಮಾಡಿದ ಆ ಕೆಲಸವನ್ನು ಅವನ ಸ್ನೇಹಿತ ಬ್ಯೂಫೋನನು ತನ್ನ ಗ್ರಂಥದಲ್ಲಿ ಸೇರಿಸಿದನು. ಬೆಳವಣಿಗೆಯ ಶಾಸ್ತ್ರವನ್ನು ಓದುವವರು ಇಂದಿಗೂ ಆ ಹುಡುಗನ ರೇಖೆಯಿಂದಲೇ ಪಾಠವನ್ನು ಆರಂಭಿಸುವರು.

ಎತ್ತರವೆಂಬದು ಬಹುತರ ಎಲುಬುಗಳ ಉದ್ದವೇ. ತೊಡೆಯ ಮತ್ತು ಕಾಲಿನ ಉದ್ದ ಎಲುಬುಗಳ ತುದಿಗಳ ಹತ್ತಿರ ಮೆತ್ತನೆಯ ಒಂದು ತೆಳು ಬಿಲ್ಲೆ ಇರುವದು. ಸುಶ್ರುತನು ಅಸ್ಥಿಗಳಲ್ಲಿ ಐದು ಭೇದಗಳನ್ನು ಹೇಳುತ್ತ ಮೆತ್ತನೆಯ ಎಲುಬಿಗೆ ತರುಣಾಸ್ಥಿ ಎಂದು ಹೆಸರಿಟ್ಟನು. ಈ ಬಿಲ್ಲೆಯು ಅಂಥ ತರುಣಾಸ್ಥಿಯೇ ಆಗಿದ್ದು ಹೆಸರಿಗೆ ಎಲ್ಲ ರೀತಿಯಿಂದಲೂ ತಕ್ಕದ್ದಾಗಿದೆ. ಅದರಲ್ಲಿಯ ಜೀವಕೋಶಗಳು ಸಾಲುಸಾಲಾಗಿ ಹೆಚ್ಚುತ್ತ, ಹಿಂದಿನವು ಗಟ್ಟಿ ಎಲುಬಾಗುತ್ತ, ಎಲುಬು ಉದ್ದವಾಗುವದು. ಹರೆಯದ ಕೊನೆಗೆ ಬಿಲ್ಲೆಯೇ ಎಲುಬಾಗಿ ಮುಚ್ಚಿಹೋಗುವದು. ಆ ಮೇಲೆ ಯಾವ ಔಷಧದಿಂದಲೂ ಒಂದು ಕೂದಲಿನಷ್ಟು ಎತ್ತರವನ್ನು ಹೆಚ್ಚಿಸಲು ಬರುವದಿಲ್ಲ. ಎತ್ತರದ ವಿಷಯದಲ್ಲಿ ಕಾಲಕ್ಕೆ ಇಷ್ಟು ಬೆಲೆ ಬಂದಿರುವದು ಈ ಕಾರಣದಿಂದ.

ಈ ಬಿಲ್ಲೆಗಳಿಗೆ ಅಪ್ಪಣೆಯನ್ನು ಕೊಡುವವು ನಾಳಗಳಿಲ್ಲದ ಗ್ರಂಥಿಗಳು. ಇವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುವವು. ಆ ರಸಗಳಿಗೆ ಹಾರ್ಮೋನುಗಳೆಂಬ ಹೆಸರನ್ನು ೧೯೦೫ರಲ್ಲಿ ಲಂಡನ್ನಿನ ಸ್ಟಾರ್ಲಿಂಗ ಎಂಬ ಪಂಡಿತನು ಗ್ರೀಕ ಭಾಷೆಯಿಂದ ತೆಗೆದು ರೂಢಿಗೆ ತಂದನು; ಚಲಿಸುವಂತೆ ಮಾಡುವದು ಎಂದು ಅದರ ಅರ್ಥ. ನಮ್ಮಲ್ಲಿ ಚುದ್ ಎಂಬ ಧಾತುವಿನಿಂದ ಚೋದಕವೆಂದು ಕರೆದಿರುವದು ಅದಕ್ಕೆ ಸರಿಯಾದ ಪ್ರತಿಶಬ್ದವೇ ಆಗಿದೆ. ಮುಖ್ಯವಾದ ಗ್ರಂಥಿಯು ಪಿಟ್ಯುಟರಿ. ಅದು ಬಟಾಣಿಕಾಳಿನಷ್ಟು ಗಾತ್ರದ್ದು, ಅರ್ಧ ಗ್ರಾಮಿನಷ್ಟು ತೂಕದ್ದು; ಮಿದುಳಿನ ಅಡಿಯಲ್ಲಿ, ಕುದುರೆಯ ಜೀನಿನ ಆಕಾರದ ಎಲುಬಿನ ಕುಳಿಯಲ್ಲಿ ಕುಳಿತಿರುವದು. ಅಂಗಶಾಸ್ತ್ರದವರು ಆ ಕುಳಿಗೆ ತುರ್ಕಿ ಜೀನು ಎಂದೇ ಹೆಸರಿಟ್ಟಿರುವರು. ಐರ್ಲಂಡದ ಚಾರ್ಲ್ಸ ಬರ್ನ ಎಂಬ ಅತಿಕಾಯನು ೧೭೮೩ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಅವನ ಅಸ್ಥಿಪಂಜರವನ್ನು ಜಾನ ಹಂಟರ ಎಂಬ ಶಸ್ತ್ರವೈದ್ಯನು ಸಂಗ್ರಹಿಸಿ ಇಟ್ಟನು. ೧೯೦೯ರಲ್ಲಿ ಹಾರ್ವೆ ಕುಶಿಂಗ ಎಂಬ ವೈದ್ಯನು ಆ ತಲೆಬುರುಡೆಯನ್ನು ತೆರೆಯಿಸಿ ನೋಡಲಾಗಿ ಜೀನಿನ ಕುಳಿಯು ಬಹಳ ಹಿಗ್ಗಿತ್ತು. ಕಾಳಿನಷ್ಟು ಗ್ರಂಥಿಯು ಊದಿ ರಸವನ್ನು ಮಿತಿಮೀರಿ ಸುರಿಸಿದ್ದರಿಂದ ಆ ಮನುಷ್ಯನು ಅಷ್ಟು ಬೆಳೆದಿದ್ದನು. ಅದೇ ರಸವು ಕಡಿಮೆಯಾದರೆ ಮಗುವಿನ ಬೆಳವಣಿಗೆ ಕುಂಠಿತವಾಗುವದು. ಆರೋಗ್ಯವಂತ ಮಗುವಿನಲ್ಲಿ ಈ ರಸವು ದಿನವಿಡೀ ಒಂದೇ ಸಮನಾಗಿ ಹರಿಯದೆ ಅಲೆಅಲೆಯಾಗಿ ಬರುವದು. ರಾತ್ರಿ ಗಾಢನಿದ್ರೆ ಹತ್ತಿದ ಮೇಲೆ ಅದರ ದೊಡ್ಡ ಅಲೆ ಏಳುವದು. ಮಲಗಿದ ಕೂಸು ಬೆಳೆಯುತ್ತದೆಂದು ನಮ್ಮ ಮುದುಕಿಯರು ಹೇಳುವದರಲ್ಲಿ ಹುರುಳಿದೆ. ಅಂಗೈಯಲ್ಲಿ ಮೊಬೈಲು ಹಿಡಿದು ಅರ್ಧರಾತ್ರಿಯ ವರೆಗೆ ಎಚ್ಚರಿರುವ ಹುಡುಗರ ಮನೆಯವರು ಇದನ್ನು ಲಕ್ಷಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಪಿಟ್ಯುಟರಿಯ ಅಪ್ಪಣೆಯು ಬಿಲ್ಲೆಗಳನ್ನು ನೇರವಾಗಿ ಮುಟ್ಟಿದರೂ ಅದರ ಬಹುಪಾಲು ಕೆಲಸವು ಇನ್ನೊಂದು ರಸದ ಮುಖಾಂತರ ನಡೆಯುವದು. ಆ ಎರಡನೆಯ ರಸವು ಯಕೃತ್ತಿನಲ್ಲಿಯೂ ಎಲುಬಿನ ತುದಿಗಳಲ್ಲಿಯೂ ತಯಾರಾಗುವದು. ಮಗುವಿಗೆ ಅನ್ನವು ಸಾಲದಾದಾಗ ಯಕೃತ್ತು ಅಪ್ಪಣೆಯನ್ನು ಪಾಲಿಸದು. ತಹಶೀಲದಾರರ ಹುಕುಮು ಹೊರಟಿದ್ದರೂ ತಲಾಟಿಯ ದಪ್ತರದಲ್ಲಿ ಕಾಗದವು ಬಿದ್ದಿರುವಂತೆ, ರಕ್ತದಲ್ಲಿ ಬೆಳವಣಿಗೆಯ ರಸವು ಧಾರಾಳವಾಗಿದ್ದರೂ ಎಲುಬಿಗೆ ಸುದ್ದಿಯು ತಲುಪುವದಿಲ್ಲ. ಹಸಿದ ಮಗುವಿಗೆ ಹಾರ್ಮೋನಿನ ಸೂಜಿಯು ವ್ಯರ್ಥ. ಅದಕ್ಕೆ ಬೇಕಾದದ್ದು ಊಟ.

ನಮ್ಮ ನಾಡಿನಲ್ಲಿ ಗಿಡ್ಡತನಕ್ಕೆ ಅತಿ ದೊಡ್ಡ ಕಾರಣವು ಇದೇ ಆಗಿದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದ ಒಳಗಿನ ಮಕ್ಕಳಲ್ಲಿ ನೂರಕ್ಕೆ ೩೫.೪ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು! ಇದಕ್ಕೆ ಜಾತಿಗುಣವೆಂದು ಹೆಸರಿಡಲು ಬರುವದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೬ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಅಳತೆಗಳಿಗಾಗಿ ಬ್ರೆಝಿಲ, ಘಾನಾ, ಭಾರತ, ನಾರ್ವೆ, ಓಮಾನ, ಅಮೇರಿಕ ಈ ಆರು ದೇಶಗಳ ಮಕ್ಕಳನ್ನು ನೋಡಲಾಗಿ, ತಾಯಿಯ ಹಾಲೂ ಒಳ್ಳೆಯ ಆಹಾರವೂ ಸ್ವಚ್ಛತೆಯೂ ದೊರೆತ ಮಕ್ಕಳು ಎಲ್ಲ ದೇಶಗಳಲ್ಲಿಯೂ ಬಹುತೇಕ ಒಂದೇ ರೀತಿಯಾಗಿ ಬೆಳೆದದ್ದು ಕಂಡಿತು. ಗರ್ಭದಲ್ಲಿದ್ದ ದಿನಗಳನ್ನು ಸೇರಿಸಿ ಮೊದಲನೆಯ ಎರಡು ವರ್ಷಗಳಲ್ಲಿ ಕಳೆದುಕೊಂಡ ಎತ್ತರವನ್ನು ಆ ಮೇಲೆ ಪೂರ್ತಿಯಾಗಿ ಗಳಿಸುವದು ಕಠಿಣ. ಹದಿನಾರು-ಹದಿನೇಳರ ಹುಡುಗಿಯನ್ನು ಮದುವೆ ಮಾಡಿ ಕೊಟ್ಟರೆ, ತಾನೇ ಇನ್ನೂ ಪೂರ್ಣವಾಗಿ ಬಲಿಯದ, ರಕ್ತ ಕಡಿಮೆಯಾದ ಮೈಯಲ್ಲಿ ಅವಳು ಕೂಸನ್ನು ಹೊರಬೇಕಾಗುವದು. ಕೂಸು ಚಿಕ್ಕದಾಗಿ ಹುಟ್ಟುವದು. ಮೇಲೆ ಕೆಟ್ಟ ನೀರಿನಿಂದ ಪದೇ ಪದೇ ಭೇದಿ. ತಿಂದ ಅನ್ನವೂ ಮೈಗೆ ಹತ್ತದು.

ಊಟದ ವಿಷಯಕ್ಕೆ ಇನ್ನೊಂದು ಮಾತು. ಬರಿಯ ಜೋಳದ ರೊಟ್ಟಿಯಲ್ಲಿ ಬೆಳವಣಿಗೆಗೆ ಬೇಕಾದ ಒಂದೆರಡು ಸತ್ತ್ವಗಳು ಕಡಿಮೆ. ಮಡಕಿಕಾಳು, ಹೆಸರು, ಕಡಲೆ ಇವು ಆ ಕೊರತೆಯನ್ನು ತುಂಬುವವು. ರೊಟ್ಟಿ-ಕಾಳಿನ ಪಲ್ಯ-ಮಜ್ಜಿಗೆಯ ನಮ್ಮ ಹಳೆಯ ಊಟವು ಶಾಸ್ತ್ರಕ್ಕೆ ಒಪ್ಪುವಂಥದು. ಆದರೆ ರೊಟ್ಟಿಯನ್ನು ಬರಿಯ ಖಾರದ ಪುಡಿಯೊಡನೆ ತಿಂದು ಏಳುವ ಮಕ್ಕಳೂ ಇರುವರು. ಶಾಲೆಗಳಲ್ಲಿ ೨೦೦೨ರಲ್ಲಿ ಆರಂಭವಾದ ಅಕ್ಷರ ದಾಸೋಹವೂ ೨೦೧೩ರ ಅಗಸ್ಟ ೧ರಂದು ಆರಂಭವಾದ ಕ್ಷೀರಭಾಗ್ಯವೂ, ಆ ಮೇಲೆ ಬಂದ ತತ್ತಿ-ಬಾಳೆಹಣ್ಣುಗಳೂ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸಿವೆ. ಮಧ್ಯಾಹ್ನದ ಗಂಟೆ ಬಾರಿಸಿದಾಗ ಮಕ್ಕಳು ತಾಟು ಹಿಡಿದು ಓಡುವದನ್ನು ಕಂಡವನಿಗೆ ಅದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಅನ್ನವಿದ್ದರೂ ಬೆಳೆಯದ ಮಕ್ಕಳುಂಟು. ಎರಡನೆಯ ಮಹಾಯುದ್ಧದ ತರುವಾಯ ಜರ್ಮನಿಯ ಎರಡು ಅನಾಥಾಲಯಗಳಲ್ಲಿ ಎಲ್ಸಿ ವಿಡೊಸನ ಎಂಬ ಆಂಗ್ಲ ವಿದುಷಿಯು ಮಕ್ಕಳ ಆಹಾರವನ್ನು ಪರೀಕ್ಷಿಸುತ್ತಿದ್ದಳು. ಎರಡಕ್ಕೂ ಪಡಿತರವು ಒಂದೇ. ಕೆಲವು ತಿಂಗಳುಗಳ ಮೇಲೆ ಒಂದು ಆಲಯದ ಮಕ್ಕಳಿಗೆ ಮಾತ್ರ ಹೆಚ್ಚಿನ ರೊಟ್ಟಿ, ಹಣ್ಣಿನ ರಸ ಮುಂತಾದವನ್ನು ಕೊಡತೊಡಗಿದರು. ಆದರೆ ಹೆಚ್ಚು ತಿಂದವರೇ ಕಡಿಮೆ ಬೆಳೆದರು! ವಿಚಾರಿಸಲಾಗಿ, ಊಟದ ಹೊತ್ತಿನಲ್ಲಿಯೇ ಮಕ್ಕಳನ್ನು ಎಲ್ಲರೆದುರು ಬೈಯುವ ಕಠೋರಳಾದ ಮೇಲ್ವಿಚಾರಕಿಯೊಬ್ಬಳು ಅದೇ ಸಮಯಕ್ಕೆ ಮೊದಲಿನ ಆಲಯದಿಂದ ಇವರಲ್ಲಿಗೆ ಬಂದಿದ್ದಳು. ಅವಳು ಬಿಟ್ಟುಬಂದ ಆಲಯದ ಮಕ್ಕಳು ಹೆಚ್ಚಿನ ಊಟವಿಲ್ಲದೆಯೂ ಚೇತರಿಸಿಕೊಂಡಿದ್ದರು. ೧೯೫೧ರಲ್ಲಿ ಈ ವೃತ್ತಾಂತವು ಪ್ರಕಟವಾಯಿತು. ಮನಸ್ಸಿನ ದುಃಖವು ಪಿಟ್ಯುಟರಿಯ ರಸವನ್ನೇ ಅಡಗಿಸಬಲ್ಲದೆಂದು ಮುಂದೆ ಸಿದ್ಧವಾಯಿತು. ತಾಟಿನ ಮುಂದೆ ಕುಳಿತ ಮಗುವಿಗೆ "ಎಷ್ಟು ತಿಂದರೂ ಅಷ್ಟ ಅದಿ" ಎಂದು ಚುಚ್ಚುವವರು ಇದನ್ನು ಓದಲಿ.

ಇನ್ನು ಥೈರಾಯ್ಡ. ಕೊರಳಿನ ಮುಂಭಾಗದಲ್ಲಿರುವ ಈ ಗ್ರಂಥಿಯ ರಸವಿಲ್ಲದೆ ಎಲುಬೂ ಬೆಳೆಯದು, ಮೊದಲ ವರ್ಷಗಳಲ್ಲಿ ಮಿದುಳೂ ಬೆಳೆಯದು. ಭಾರತದಲ್ಲಿ ಸುಮಾರು ಸಾವಿರಕ್ಕೊಂದರಂತೆ ಶಿಶುಗಳು ಈ ಕೊರತೆಯೊಡನೆ ಹುಟ್ಟುವವು. ಹುಟ್ಟಿದ ಕೆಲವು ದಿನಗಳಲ್ಲಿ ಹಿಮ್ಮಡಿಯಿಂದ ಒಂದು ಹನಿ ರಕ್ತವನ್ನು ತೆಗೆದು ನೋಡಿದರೆ ಅದು ಗೊತ್ತಾಗುವದು. ಮೊದಲ ಎರಡು ವಾರಗಳಲ್ಲಿ ಗುಳಿಗೆಯನ್ನು ಆರಂಭಿಸಿದರೆ ಮಗುವು ಎಲ್ಲರಂತೆ ಬೆಳೆದು ಓದುವದು. ಗುಳಿಗೆಯು ಅಗ್ಗದ್ದು; ತಡಮಾಡಿದಾಗ ಹೋದ ಬುದ್ಧಿಯು ಮಾತ್ರ ಮರಳದು. ದೊಡ್ಡ ಮಕ್ಕಳಿಗೂ ಈ ಗ್ರಂಥಿಯು ಸೋಲುವದುಂಟು. ನನ್ನ ವರ್ಗದಲ್ಲಿ ಅಂಥ ಹುಡುಗಿಯೊಬ್ಬಳಿದ್ದಳು. ಮೈ ತುಂಬಿಕೊಂಡು, ಮುಖ ಉಬ್ಬಿ, ಬೇಸಿಗೆಯಲ್ಲಿಯೂ ಚಳಿಯೆಂದು ಸೆರಗು ಹೊದ್ದ ಅಜ್ಜಿಯ ಮಗ್ಗುಲಲ್ಲಿ ಕೂಡ್ರುವಳು; ಓದಿನಲ್ಲಿ ನಿಧಾನ, ಆಟದಲ್ಲಿ ನಿಧಾನ. ಸೋಮಾರಿಯೆಂದು ಮನೆಯವರು ತಿಳಿದಿದ್ದರು. ಮೂರು ವರ್ಷ ಒಂದೇ ಲಂಗದಲ್ಲಿ ಬಂದಳು. ಕೊನೆಗೆ ಬೆಳಗಾವಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ ರಸವು ಬಹಳ ಕಡಿಮೆಯೆಂದು ತಿಳಿಯಿತು. ಗುಳಿಗೆಯನ್ನು ಆರಂಭಿಸಿದ ಮರುವರ್ಷವೇ ಲಂಗವು ಮೊಣಕಾಲಿಗೇರಿತು. ಸಾಧಾರಣವಾಗಿ ಹೆಚ್ಚು ತಿಂದು ದಪ್ಪಾದ ಮಗುವು ಎತ್ತರವೂ ಆಗಿರುವದು. ದಪ್ಪಾಗುತ್ತ ಎತ್ತರದಲ್ಲಿ ನಿಂತುಬಿಟ್ಟ ಮಗುವಿನಲ್ಲಿ ಗ್ರಂಥಿಯ ದೋಷವನ್ನು ಶಂಕಿಸಬೇಕು.

ಈ ರಸಕ್ಕೆ ಅಯೋಡಿನ್ ಬೇಕು. ಹಿಮಾಚಲದ ಕಾಂಗಡಾ ಕಣಿವೆಯಲ್ಲಿ ೧೯೫೬ರಿಂದ ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಉಪ್ಪಿಗೆ ಅಯೋಡಿನನ್ನು ಬೆರೆಸಿ ಹಂಚಿ ಗಳಗಂಡವನ್ನು ಇಳಿಸಿ ತೋರಿಸಿದರು. ೧೯೬೨ರಲ್ಲಿ ದೇಶದ ಕಾರ್ಯಕ್ರಮವು ಆರಂಭವಾಯಿತು. ಹರಳುಪ್ಪೇ ರುಚಿಯೆನ್ನುವ ಮನೆಗಳು ಅದರಲ್ಲಿ ಅಯೋಡಿನ್ ಇದೆಯೇ ಎಂದು ಚೀಲದ ಮೇಲೆ ಓದಿ ಕೊಳ್ಳಬೇಕು.

ಬೆಳವಣಿಗೆಯನ್ನು ತಡೆಯುವ ರಸವೂ ಒಂದುಂಟು. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳ ಕಾರ್ಟಿಸೋಲ ಮಿತಿಮೀರಿದರೆ ಎಲುಬಿನ ಬಿಲ್ಲೆಗಳು ಮಂಕಾಗುವವು. ಸ್ಟೀರಾಯ್ಡ ಎಂಬ ಔಷಧವು ಇದೇ ಜಾತಿಯದು. ಉಬ್ಬಸಕ್ಕೆ, ತುರಿಕೆಗೆ ಹೆಸರಿಲ್ಲದ ಪುಡಿಗಳನ್ನು ಪೊಟ್ಟಣ ಕಟ್ಟಿ ಕೊಡುವವರಿರುವರು. ಎರಡು ದಿನಗಳಲ್ಲಿ ಆರಾಮ ಕಾಣುವದು, ಮಗುವು ದುಂಡಗಾಗುವದು, ಮನೆಯವರಿಗೆ ಹಿಗ್ಗು. ಅಂಥ ಪುಡಿಯಲ್ಲಿ ಸ್ಟೀರಾಯ್ಡ ಅಡಗಿದ್ದರೆ, ತಿಂಗಳುಗಟ್ಟಲೆ ತಿಂದ ಮಗುವಿನ ಎತ್ತರವು ನಿಲ್ಲುವದು. ಬಹಳ ದಿನ ತಿಂದದ್ದನ್ನು ವೈದ್ಯರನ್ನು ಕೇಳದೆ ಒಮ್ಮೆಲೇ ಬಿಡುವದೂ ಅಪಾಯಕರವೇ.

ಹರೆಯದ ರಸಗಳ ನಡೆ ವಿಚಿತ್ರವಾದದ್ದು. ಅವು ಎತ್ತರದ ಜಿಗಿತವನ್ನೂ ಕೊಡುವವು, ಬಾಗಿಲನ್ನೂ ಮುಚ್ಚುವವು. ಹುಡುಗರಲ್ಲಿ ಕೂಡ ಬಿಲ್ಲೆಯನ್ನು ಮುಚ್ಚುವದು ಈಸ್ಟ್ರೋಜೆನ್ ಎಂಬ ಸ್ತ್ರೀಚೋದಕವೇ ಎಂಬದು, ಆ ರಸಕ್ಕೆ ಮೈ ಓಗೊಡದೆ ಇಪ್ಪತ್ತೆಂಟನೆಯ ವಯಸ್ಸಿನಲ್ಲಿಯೂ ಬೆಳೆಯುತ್ತಿದ್ದ ಒಬ್ಬ ತರುಣನ ವೃತ್ತಾಂತದಿಂದ ೧೯೯೪ರಲ್ಲಿ ತಿಳಿಯಿತು. ಎಂಟು ತುಂಬುವ ಮೊದಲು ಹುಡುಗಿಯಲ್ಲಿ, ಒಂಬತ್ತು ತುಂಬುವ ಮೊದಲು ಹುಡುಗನಲ್ಲಿ ಹರೆಯದ ಚಿಹ್ನೆಗಳು ಕಂಡರೆ, ಆ ಮಗುವು ಅಂದು ಎಲ್ಲರಿಗಿಂತ ಎತ್ತರವಾಗಿ ಕಾಣುವದು. ಬಾಗಿಲು ಬೇಗ ಮುಚ್ಚಿದ್ದರಿಂದ ಮುಂದೆ ಎಲ್ಲರಿಗಿಂತ ಗಿಡ್ಡಾಗಿ ಉಳಿಯುವದು. ಮೈನೆರೆದ ಮೇಲೆ ಹುಡುಗಿಯು ಸಾಮಾನ್ಯವಾಗಿ ೫ರಿಂದ ೭ ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುವದಿಲ್ಲ. ಇದಕ್ಕೆ ವಿರುದ್ಧವಾಗಿ, ಹದಿನಾಲ್ಕಾದರೂ ಮೀಸೆಯ ಸುಳಿವಿಲ್ಲದ ಗಿಡ್ಡ ಹುಡುಗನ ತಂದೆಯೂ ತಡವಾಗಿಯೇ ಬೆಳೆದವನಾಗಿದ್ದರೆ, ಆ ಹುಡುಗನು ಕಾಲೇಜಿಗೆ ಹೋಗುವ ಹೊತ್ತಿಗೆ ಬೆಳೆದು ನಿಲ್ಲುವದೇ ಹೆಚ್ಚು. ಎಡಗೈಯ ಮುಂಗೈ-ಮಣಿಕಟ್ಟಿನ ಎಕ್ಸರೇ ತೆಗೆದು ಎಲುಬಿನ ವಯಸ್ಸನ್ನು ವೈದ್ಯರು ಓದಬಲ್ಲರು. ಎಲುಬು ಎಳೆಯದಿದ್ದರೆ ಇನ್ನೂ ಕಾಲವಿದೆ.

ಕಾರಣ ತಿಳಿಯದೆ ಗಿಡ್ಡಾದ ಹುಡುಗಿಯ ವಿಷಯದಲ್ಲಿ ಒಂದು ಪರೀಕ್ಷೆಯನ್ನು ಬಿಡಬಾರದು. ಎರಡೂವರೆ ಸಾವಿರ ಹೆಣ್ಣುಮಕ್ಕಳಲ್ಲಿ ಸುಮಾರು ಒಬ್ಬಳಿಗೆ ಎರಡು ಎಕ್ಸ ವರ್ಣತಂತುಗಳಲ್ಲಿ ಒಂದು ಇಲ್ಲದಿರುವದು ಅಥವಾ ಊನವಾಗಿರುವದು. ೧೯೩೮ರಲ್ಲಿ ವರ್ಣಿಸಿದ ಟರ್ನರ ಎಂಬ ವೈದ್ಯನ ಹೆಸರಿನಿಂದ ಇದನ್ನು ಕರೆಯುವರು. ಬುದ್ಧಿಯಲ್ಲಿ ಕೊರತೆಯಿಲ್ಲದಿರುವದರಿಂದ ಹದಿನೈದು ದಾಟಿ ಮೈನೆರೆಯಲಿಲ್ಲವೆಂದು ಗಾಬರಿಯಾಗುವ ವರೆಗೆ ಯಾರೂ ಲಕ್ಷಿಸುವದಿಲ್ಲ. ಅಷ್ಟರಲ್ಲಿ ಚಿಕಿತ್ಸೆಯ ಒಳ್ಳೆಯ ವರ್ಷಗಳು ಹೋಗಿರುವವು.

ಎಲುಬಿನಲ್ಲಿಯೇ ಹುಟ್ಟಿನ ದೋಷವಿದ್ದಾಗ ಗ್ರಂಥಿಗಳು ನಿರಪರಾಧಿಗಳು. ಇದಕ್ಕೆ ದೂರ ಹೋಗಬೇಕಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ೧೯೭೪-೭೫ರ ಸುಮಾರಿಗೆ ದಲಿತ ಕುಟುಂಬಗಳಲ್ಲಿ ಸೊಂಟದ ಕೀಲುಗಳು ಸವೆದು ನಡೆಯಲಾರದ ಜನರನ್ನೂ ಗಿಡ್ಡಾಗಿ ಉಳಿದವರನ್ನೂ ವೈದ್ಯರು ಗುರುತಿಸಿದರು. ಗದ್ದೆಗೆ ಹೊಡೆದ ಕ್ರಿಮಿನಾಶಕವು ಏಡಿಯ ಮುಖಾಂತರ ಹೊಟ್ಟೆ ಸೇರಿತೆಂದು ಮೊದಲು ಶಂಕಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ಇತರರೂ ಪರಿಶೀಲಿಸುತ್ತ ಹೋದಂತೆ, ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಎಲುಬಿನ ದೋಷವೆಂಬದು ಸ್ಪಷ್ಟವಾಯಿತು. ಅಂಥವರಿಗೆ ಬೇಕಾದದ್ದು ಕೀಲಿನ ಚಿಕಿತ್ಸೆಯೂ ದುಡಿಮೆಯ ಆಸರೆಯೂ. ನಮ್ಮ ಕಡೆಯಲ್ಲಿ ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವದು ಹೆಚ್ಚು. ತಂದೆ-ತಾಯಿ ಇಬ್ಬರಲ್ಲಿಯೂ ಅಡಗಿದ ದೋಷವು ಮಗುವಿನಲ್ಲಿ ಪ್ರಕಟವಾಗಲು ಅದು ದಾರಿ ಮಾಡುವದು. ಬೆಳವಣಿಗೆಯ ರಸದ ಕೆಲವು ಆನುವಂಶಿಕ ಕೊರತೆಗಳೂ ಹೀಗೆಯೇ ಬರುವವು.

ಪಿಟ್ಯುಟರಿಯ ರಸವೇ ಇಲ್ಲದ ಮಗುವಿಗೆ ಇಂದು ಒಳ್ಳೆಯ ಉಪಾಯವಿದೆ. ೧೯೫೮ರಲ್ಲಿ ಅಮೇರಿಕದ ರೇಬೆನ್ ಎಂಬ ವೈದ್ಯನು ಮೃತರ ಗ್ರಂಥಿಗಳಿಂದ ತೆಗೆದ ರಸವನ್ನು ಕೊಟ್ಟು ಒಬ್ಬ ತರುಣನನ್ನು ಬೆಳೆಸಿದನು. ಮುಂದೆ ಆ ರಸವನ್ನು ಪಡೆದವರಲ್ಲಿ ಕೆಲವರು ಮಿದುಳು ಕ್ಷಯಿಸುವ ಭಯಂಕರ ವ್ಯಾಧಿಯಿಂದ ತೀರಿಕೊಂಡದ್ದರಿಂದ ೧೯೮೫ರಲ್ಲಿ ಅಮೇರಿಕದಲ್ಲಿ ಅದು ನಿಂತಿತು. ಅದೇ ವರ್ಷ ಜೀವಾಣುಗಳಿಂದ ತಯಾರಿಸಿದ ಶುದ್ಧ ರಸವು ಬಳಕೆಗೆ ಬಂದಿತು. ವರ್ಷಗಟ್ಟಲೆ, ಸಾಮಾನ್ಯವಾಗಿ ದಿನಕ್ಕೊಂದರಂತೆ ಸೂಜಿ. ಖರ್ಚು ಬಡವರ ಕೈಗೆ ನಿಲುಕುವದಲ್ಲ. ಕೊರತೆಯಿರುವ ಮಗುವಿಗೆ ಅದು ಅಮೃತಪ್ರಾಯ. ರಸವು ಸರಿಯಿದ್ದೂ ಗಿಡ್ಡಾಗಿರುವ ಮಗುವಿಗೆ ಕೊಟ್ಟರೆ ಸಿಗುವದು ಕೆಲವೇ ಸೆಂಟಿಮೀಟರು. ಮಗಳ ಮದುವೆಗೆಂದು ಎರಡು ಬೊಟ್ಟು ಎತ್ತರವನ್ನು ಕೊಳ್ಳಲು ಹೊಲವನ್ನು ಮಾರುವದು ನನ್ನ ದೃಷ್ಟಿಯಲ್ಲಿ ವಿವೇಕವಲ್ಲ. ಎತ್ತರವನ್ನು ಬೆಳೆಸುವೆವೆಂದು ಜಾಹೀರಾತು ಕೊಡುವ ಡಬ್ಬಿಗಳ ವಿಷಯದಲ್ಲಂತೂ ಹೇಳುವದೇ ಬೇಡ. ಅದೇ ಹಣದಲ್ಲಿ ಎಷ್ಟು ಹಾಲು, ಎಷ್ಟು ತತ್ತಿ ಬರುವದೆಂದು ಎಣಿಸಿ ನೋಡಿರಿ.

ಮನೆಯಲ್ಲಿ ಮಾಡತಕ್ಕ ಕೆಲಸವು ಚಿಕ್ಕದು. ತಂದೆಯ ಎತ್ತರ ೧೬೫, ತಾಯಿಯದು ೧೫೦ ಸೆಂಟಿಮೀಟರು ಇದ್ದರೆ, ಎರಡನ್ನೂ ಕೂಡಿಸಿ, ಗಂಡುಮಗುವಾದರೆ ೧೩ ಸೇರಿಸಿ, ಹೆಣ್ಣಾದರೆ ೧೩ 

ಕಳೆದು, ಅರ್ಧ ಮಾಡಿರಿ. ಮಗನಿಗೆ ೧೬೪, ಮಗಳಿಗೆ ೧೫೧ ಬರುವದು. ಇದಕ್ಕೆ ಸುಮಾರು ೮ ಹೆಚ್ಚು-ಕಡಿಮೆಯ ಒಳಗೆ ಅವರು ನಿಲ್ಲುವದು ಸಹಜ. ನಾಲ್ಕು ವರ್ಷ ದಾಟಿದ ಮಗುವು ವರ್ಷಕ್ಕೆ ೫ ಸೆಂಟಿಮೀಟರಿಗಿಂತ ಕಡಿಮೆ ಬೆಳೆದರೆ ತೋರಿಸಬೇಕು. ೪ಕ್ಕಿಂತ ಕಡಿಮೆಯಾದರೆ ತಡಮಾಡಲೇಬಾರದು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗಳಿಗೂ ಶಾಲೆಗಳಿಗೂ ಬಂದಾಗ ಮಗುವಿನ ಅಳತೆಗಳ ಚೀಟಿಯನ್ನು ಅವರ ಕೈಗೆ ಕೊಡಬಹುದು; ಹೆಚ್ಚಿನ ಪರೀಕ್ಷೆಗೆ ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವೈದ್ಯಕೀಯ ಕಾಲೇಜುಗಳ ದವಾಖಾನೆಗಳಿವೆ. ಒಂದು ದಿನದ ಅಳತೆಯಿಂದ ವೈದ್ಯರಿಗೆ ತಿಳಿಯುವದು ಸ್ವಲ್ಪ. ಮೂರು ವರ್ಷದ ಚೀಟಿಯಿಂದ ಬಹಳ.

ಅಳೆಯುವಾಗ ಮಗುವಿನ ಪಾದರಕ್ಷೆಯನ್ನು ತೆಗೆಸಿ, ಹಿಮ್ಮಡಿ, ಕುಂಡೆ, ಬೆನ್ನು, ತಲೆಯ ಹಿಂಭಾಗಗಳನ್ನು ಗೋಡೆಗೆ ತಾಗಿಸಿ ನಿಲ್ಲಿಸಬೇಕು, ನೋಟವು ನೇರವಾಗಿರಬೇಕು. ಹುಡುಗಿಯ ಜಡೆಯನ್ನು ಬಿಚ್ಚಿಸಿ, ತಲೆಯ ಮೇಲೆ ಪುಸ್ತಕವನ್ನು ಗೋಡೆಗೆ ಒತ್ತಿ ಮಟ್ಟಸವಾಗಿ ಹಿಡಿದು, ಅದರ ಅಡಿಯಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖನ್ನು ಬರೆಯಿರಿ. ಯುಗಾದಿಗೆ ಒಮ್ಮೆ, ದಸರೆಗೆ ಒಮ್ಮೆ ಅಳೆದರೆ ಸಾಕು. ಗೋಡೆಗೆ ಸುಣ್ಣ ಹಚ್ಚುವ ಮುಂದೆ ಅಂಕಿಗಳನ್ನು ವಹಿಯಲ್ಲಿ ಇಳಿಸಿಕೊಳ್ಳುವದನ್ನು ಮರೆಯಬೇಡಿರಿ. ದಿನವಿಡೀ ನಿಂತು ಓಡಾಡಿದ ಬೆನ್ನುಹುರಿಯ ಮಣಿಗಳ ನಡುವಿನ ಮೆತ್ತೆಗಳು ಅದುಮಿ ಸಂಜೆಗೆ ಒಂದು ಸೆಂಟಿಮೀಟರಿನಷ್ಟು ಎತ್ತರವು ಇಳಿದಿರುವದು. ಆದ್ದರಿಂದ ಯುಗಾದಿಗೆ ಬೆಳಿಗ್ಗೆ ಅಳೆದಿದ್ದರೆ ದಸರೆಗೂ ಬೆಳಿಗ್ಗೆಯೇ ಅಳೆಯಿರಿ.